ನೀಡಬಂದ ಕೈ

ಬೇಡಬಂದವನಿಗೆ ಬಾಗಿಲು ತೆರೆಯುವ ಭಕ್ತನು ನೀಡಬಂದವನನ್ನು ತಡೆಯುವನೇ?

ಅಮೆರಿಕದ ಆರ್ಲಾಂಡೋ ನಗರದ ‘ಪಲ್ಸ್’ ಎಂಬ ನೃತ್ಯಶಾಲೆಯು ಸಲಿಂಗಪ್ರೇಮಿಗಳು ನಿರ್ಭಯರಾಗಿ ಕೂಡುತ್ತಿದ್ದ ತಾಣ. ೨೦೧೬ನೆಯ ಜೂನ್ ೧೨ರಂದು, ಬೆಳಕು ಹರಿಯುವ ಮುನ್ನ, ಬಂದೂಕುಧಾರಿಯೊಬ್ಬನು ಅಲ್ಲಿ ೪೯ ಜನರನ್ನು ಕೊಂದನು.

ಬೆಳಗಾದೊಡನೆ ಗಾಯಾಳುಗಳಿಗೆ ರಕ್ತವೀಯಲು ಊರವರು ತಾಸುಗಟ್ಟಲೆ ಸಾಲಾಗಿ ನಿಂತರು. ಮೃತರ ಗೆಳೆಯರಲ್ಲಿ ಅನೇಕರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ರೋಗಭೀತಿಯಿಂದ ಹುಟ್ಟಿದ ಅಂದಿನ ನಿಯಮದಂತೆ, ಹಿಂದಿನ ಒಂದು ವರ್ಷದೊಳಗೆ ಪುರುಷಸಂಗ ಮಾಡಿದ ಪುರುಷನು ರಕ್ತವೀಯುವಂತಿರಲಿಲ್ಲ. ೨೦೨೩ರಲ್ಲಿ ಆ ನಿಯಮವನ್ನು ಕೈಬಿಟ್ಟು, ದಾನಿಗಳೆಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ವಿಧಿಸಲಾಯಿತು.

ರೋಗವನ್ನು ಪರೀಕ್ಷಿಸುವುದು ವಿವೇಕ. ಜನವರ್ಗವೊಂದನ್ನೇ ಶಂಕಿಸುವುದು ಅವಿವೇಕ. ಸದ್ಭಕ್ತರೇ, ಕೊಲ್ಲುವ ಕೈಯನ್ನು ಹಳಿಯುವುದು ಸುಲಭ. ನೀಡಬಂದ ಕೈಯನ್ನು ತನ್ನ ಹೊಸ್ತಿಲಲ್ಲಿ ತಾನೆಂದಾದರೂ ತಡೆದುದುಂಟೇ ಎಂದು ಪ್ರತಿಯೊಬ್ಬ ಗೃಹಸ್ಥನೂ ವಿಚಾರಿಸಿಕೊಳ್ಳಲಿ.