ಎದುರು ಬರುವವನ ಕತ್ತಲೆ

ಬೆಳಕನ್ನು ಕುರಿತು ದೂರು ಹೇಳಿದವರು ನಮ್ಮಲ್ಲಿ ಅಪರೂಪ. ಅನ್ನ ಹೆಚ್ಚಾದರೆ ಅಜೀರ್ಣ, ಹಣ ಹೆಚ್ಚಾದರೆ ಮದ, ಮಾತು ಹೆಚ್ಚಾದರೆ ಜಗಳ ಎಂದು ಎಚ್ಚರಿಸಿದ ಹಿರಿಯರು, ಬೆಳಕು ಹೆಚ್ಚಾದರೆ ಏನಾದೀತೆಂದು ಹೇಳುವ ಗೋಜಿಗೆ ಹೋಗಲಿಲ್ಲ. ಜ್ಞಾನವನ್ನು ಬೆಳಕೆಂದರು, ಒಳ್ಳೆಯತನವನ್ನೂ ಬೆಳಕೆಂದರು. ಒಂದು ಹಣತೆಯಿಂದ ಇನ್ನೊಂದನ್ನು ಹೊತ್ತಿಸಿದರೆ ಮೊದಲನೆಯದಕ್ಕೆ ನಷ್ಟವಿಲ್ಲ. ಆದ್ದರಿಂದ ಯಾರ ಪಾಲನ್ನೂ ಕಸಿಯದ ಸಂಪತ್ತು ಅದೊಂದೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಗೆ ಒಂದು ತಿದ್ದುಪಡಿ ಬೇಕೆಂದು ನನಗೆ ತೋರಿದ್ದು ಗ್ರಂಥಗಳಿಂದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಡುವಣ ರಸ್ತೆಗಳಲ್ಲಿ ರಾತ್ರಿಯ ಹೊತ್ತು ಮೋಟಾರು ಸೈಕಲ್ಲಿನ ಮೇಲೆ ಹೋಗಿಬರುವುದರಿಂದ.

ಹಗಲಿನಲ್ಲಿ ಈ ಸೀಮೆಯನ್ನು ಕಂಡವರಿಗೆ ಅದರ ಚೆಲುವು ಗೊತ್ತು. ಸಾವನದುರ್ಗದ ಮಹಾಬಂಡೆ, ರಾಮದೇವರ ಬೆಟ್ಟದ ಕಲ್ಲುಗಳು, ಹಿಪ್ಪುನೇರಳೆಯ ಹಸಿರು, ತೆಂಗು, ಮಾವು. ರಾತ್ರಿಯಾಯಿತೆಂದರೆ ಇವೆಲ್ಲ ಒಂದೇ ಕಪ್ಪು. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು; ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಂತಿತು. ಮೋಟಾರು ಸೈಕಲ್ಲಿನವನ ಪಾಲಿಗೆ ಬಂದದ್ದು ಪಕ್ಕದ ಸರ್ವೀಸ್ ರಸ್ತೆ, ಮತ್ತು ತಾಲ್ಲೂಕಿನಿಂದ ತಾಲ್ಲೂಕಿಗೆ ಬೆಟ್ಟದ ಸೆರಗು ಹಿಡಿದು ಹೋಗುವ ಹಳೆಯ ದಾರಿಗಳು. ಅಲ್ಲಿ ಬೀದಿದೀಪ ಊರಿನ ಅಂಚಿಗೇ ಮುಗಿಯುತ್ತದೆ. ಮುಂದೆ ಗುಂಡಿ, ಉಬ್ಬು, ದನ, ದೀಪವಿಲ್ಲದ ಟ್ರಾಕ್ಟರು. ಕನಕಪುರ, ಚನ್ನಪಟ್ಟಣಗಳ ಕಾಡಂಚಿನಲ್ಲಿ ಒಮ್ಮೊಮ್ಮೆ ಕಾಡಾನೆ. ಬೆಳಗಿನ ಜಾವಕ್ಕೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟ ರೈತ, ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕ, ಇವರು ಯಾರೂ ವಿಹಾರಕ್ಕಾಗಿ ಈ ದಾರಿಯಲ್ಲಿ ಬರುವವರಲ್ಲ.

ನನ್ನ ಅಕ್ಕನ ಮಗ ಅಂಥವನೊಬ್ಬ. ಕನಕಪುರದ ಕಡೆಯ ಹಳ್ಳಿಯಿಂದ ಬಿಡದಿಯ ಕಾರ್ಖಾನೆಯೊಂದಕ್ಕೆ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ತನ್ನ ಗಾಡಿಗೆ ಎರಡು ಸ್ಪಾಟ್ ಲೈಟುಗಳನ್ನು ಹಾಕಿಸಬೇಕೆಂಬುದು ಅವನ ಆಸೆ. ದೀಪ ನೋಡಲು ಚನ್ನಪಟ್ಟಣದ ಒಂದು ಅಂಗಡಿಗೆ ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಅಲ್ಲಿ ಮಿಸ್ತ್ರಿ ಬೇರೊಬ್ಬರ ಗಾಡಿಗೆ ಅದೇ ದೀಪಗಳನ್ನು ಕೂರಿಸುತ್ತಿದ್ದುದರಿಂದ ಇಡೀ ಕೆಲಸವನ್ನು ನೋಡುವ ಅವಕಾಶ ದೊರೆಯಿತು.

ಕೆಲಸವೇನೋ ಅಚ್ಚುಕಟ್ಟಾದದ್ದು. ಇಪ್ಪತ್ತು ವಾಟಿನ ಎರಡು ದೀಪ; ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಅವು ಎಳೆಯುವುದು ಮೂರು ಆಂಪಿಯರಿಗಿಂತ ತುಸು ಹೆಚ್ಚು. ಅಷ್ಟನ್ನು ಹ್ಯಾಂಡಲಿನ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ಚು ಬಹುಕಾಲ ಬಾಳದು. ಆದ್ದರಿಂದ ನಡುವೆ ರಿಲೇ ಎಂಬ ಒಂದು ಪುಟ್ಟ ಡಬ್ಬಿಯನ್ನಿಡುತ್ತಾರೆ. ಬ್ಯಾಟರಿಯಿಂದ ಹೊರಟ ತಂತಿ ಫ್ಯೂಸನ್ನು ದಾಟಿ, ರಿಲೇಯ ಮೂಲಕ ದೀಪಕ್ಕೆ ಹೋಗುತ್ತದೆ. ಸ್ವಿಚ್ಚಿನಿಂದ ಬರುವ ಅಲ್ಪ ವಿದ್ಯುತ್ತು ರಿಲೇಗೆ ಅಪ್ಪಣೆಯನ್ನಷ್ಟೇ ಕೊಡುತ್ತದೆ. ಈ ಅಪ್ಪಣೆಯ ತಂತಿಯನ್ನು ಎಲ್ಲಿಂದ ತರಬೇಕು ಎಂಬುದೇ ಮುಖ್ಯ ಪ್ರಶ್ನೆ. ಹೆಡ್‌ಲೈಟಿನ ಹೈ ಬೀಮಿನ ತಂತಿಯಿಂದ ತಂದರೆ, ಸವಾರ ಡಿಮ್ ಮಾಡಿದ ಕ್ಷಣವೇ ಸ್ಪಾಟ್ ಲೈಟುಗಳೂ ಆರುತ್ತವೆ. ಬೇರೆ ಸ್ವಿಚ್ಚಿನಿಂದ ತಂದರೆ ಅವನಿಗೆ ಇಷ್ಟ ಬಂದಾಗ ಮಾತ್ರ ಆರುತ್ತವೆ.

ಮಿಸ್ತ್ರಿ ತಲೆಯೆತ್ತದೆ ಹೇಳಿದ: “ದೊಡ್ಡ ಲೈಟು ಯಾರು ಬೇಕಾದ್ರೂ ಹಾಕ್ತಾರೆ ಮೇಷ್ಟ್ರೇ. ಎದುರುಗಡೆಯವ್ನಿಗೆ ಆರೋ ಹಾಗೆ ಹಾಕೋದೇ ಕೆಲಸ. ಆದ್ರೆ ಬರೋರೆಲ್ಲ ಆ ವೈರು ಬೇಡ, ಬೇರೆ ಸ್ವಿಚ್ಚೇ ಕೊಡಿ ಅಂತಾರೆ.”

ನೀತಿಶಾಸ್ತ್ರದ ಒಂದು ಅಧ್ಯಾಯವನ್ನೇ ಆತ ಎರಡು ತಂತಿಗಳಲ್ಲಿ ಹೇಳಿ ಮುಗಿಸಿದನೆಂದು ನನಗನ್ನಿಸಿತು.

ಕಾನೂನು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೆಯದು, ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಇದ್ದ ಹೊರತು ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟು ಕೂಡದೆನ್ನುತ್ತದೆ. 106ನೆಯದು ಮುಂದಿನ ದೀಪದ ಕಿರಣ ಕೆಳಕ್ಕೆ ಬಾಗಿರಬೇಕು, ಎದುರಿನವರ ಕಣ್ಣು ಕೋರೈಸಬಾರದು ಎಂದು ವಿಧಿಸುತ್ತದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಮೊಕದ್ದಮೆ ಹೂಡುವ ಕಾರ್ಯಾಚರಣೆಯನ್ನೂ ನಡೆಸಿದರು. ಇಷ್ಟನ್ನು ನಾನು ಹೇಳಿದಾಗ ಹುಡುಗ ಕೊಟ್ಟ ಉತ್ತರ ಹೀಗಿತ್ತು: “ಆನೆ ರೋಡಲ್ಲಿ ನಿಂತಿದ್ರೆ ರೂಲ್ಸು ಬಂದು ಕಾಪಾಡುತ್ತಾ ಮಾವ? ಎದುರಿಗೆ ಬರೋ ಕಾರುಗಳು ನನ್ನ ಕಣ್ಣೇ ತೆಗೀತಾವೆ. ನಂದೂ ಒಂದಿರ್ಲಿ ಅಂದ್ರೆ ತಪ್ಪೇನು?”

ಇದನ್ನು ಉಡಾಫೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಅವನ ಭಯ ನಿಜವಾದದ್ದು, ಅಗತ್ಯವೂ ನಿಜವಾದದ್ದು. ಪ್ರಾಣರಕ್ಷಣೆ ಮಾಡಿಕೊಳ್ಳುವ ಹಕ್ಕು ಯಾರಿಗಿಲ್ಲ? ಆದ್ದರಿಂದ ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳಬೇಕು: ನನ್ನ ಕ್ಷೇಮಕ್ಕೆ ಬೇಕಾದದ್ದು ಇನ್ನೊಬ್ಬನ ಕಣ್ಣಿನಿಂದ ಬರುವುದಾದರೆ, ಅದನ್ನು ಎಷ್ಟರಮಟ್ಟಿಗೆ ನಾನು ತೆಗೆದುಕೊಳ್ಳಬಹುದು?

ಕಣ್ಣಿನಿಂದ ಎಂದದ್ದು ಅಲಂಕಾರಕ್ಕಲ್ಲ. ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಕಣ್ಣಿಗೆ ಸುಮಾರು ಅರ್ಧ ಗಂಟೆ ಬೇಕು. ಆ ಸಿದ್ಧತೆಯನ್ನು ಕೆಡಿಸಲು ಒಂದು ಪ್ರಖರ ದೀಪಕ್ಕೆ ಕ್ಷಣ ಸಾಕು. ಪಾಪೆ ಕಿರಿದಾಗುತ್ತದೆ, ಕಣ್ಣಿನೊಳಗೇ ಬೆಳಕು ಚದರಿ ನೋಟದ ಮೇಲೆ ಒಂದು ಬಿಳಿಯ ತೆರೆ ಬೀಳುತ್ತದೆ, ದೀಪದ ಪಕ್ಕದಲ್ಲಿರುವುದೆಲ್ಲ ಆ ತೆರೆಯ ಹಿಂದೆ ಅಡಗುತ್ತದೆ. ದೀಪ ದಾಟಿಹೋದ ಮೇಲೂ ನೋಟ ತಿಳಿಯಾಗಲು ಕೆಲವು ಸೆಕೆಂಡುಗಳು ಹಿಡಿಯುತ್ತವೆ, ವಯಸ್ಸಾದವರಿಗೆ ಇನ್ನಷ್ಟು. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಐದು ಸೆಕೆಂಡು ಕಣ್ಣು ಕಾಣದಿದ್ದರೆ ಎಂಬತ್ತು ಮೀಟರಿಗೂ ಹೆಚ್ಚಿನ ದಾರಿಯನ್ನು ಅವನು ಕುರುಡನಾಗಿ ಕ್ರಮಿಸಿದಂತಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ. ಈ ದೀಪದ ಕತ್ತಲೆ ಬುಡದಲ್ಲಿಲ್ಲ. ಎದುರು ಬರುವವನ ಕಣ್ಣಿನಲ್ಲಿದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ತನ್ನ ದೀಪ ತನ್ನ ಕಣ್ಣನ್ನು ಕುಕ್ಕುವುದಿಲ್ಲ. ಕಲ್ಲೆಸೆದವನಿಗೆ ಗಾಯ ಕಾಣುತ್ತದೆ, ಬೈದವನಿಗೆ ಬಾಡಿದ ಮುಖ ಕಾಣುತ್ತದೆ. ದೀಪದ ಹಿಂದೆ ಕುಳಿತವನಿಗಾದರೋ ಕಾಣುವುದು ತನ್ನ ದಾರಿ ಮಾತ್ರ. ಅದೂ ಎಂದಿಗಿಂತ ಸೊಗಸಾಗಿ. ಮಾಡಿದ ಹಿಂಸೆ ಮಾಡಿದವನಿಗೆ ಸುಖವಾಗಿಯೇ ತೋರುವ ಇಂಥ ಕಡೆ, ಒಳ್ಳೆಯ ಮನಸ್ಸೊಂದಿದ್ದರೆ ಸಾಲದು. ಎದುರಿನವನ ಜಾಗದಲ್ಲಿ ನಿಂತು ನೋಡುವ ಕಲ್ಪನೆ ಬೇಕು. ನಿಯಮವೆಂಬುದು ಆ ಕಲ್ಪನೆಯ ಶ್ರಮವನ್ನು ನಮಗಾಗಿ ಮೊದಲೇ ಮಾಡಿಟ್ಟಿರುವ ಒಂದು ಉಪಕಾರ.

“ಅವನು ಡಿಮ್ ಮಾಡಿದರೆ ನಾನೂ ಮಾಡುತ್ತೇನೆ” ಎಂಬುದು ಎಲ್ಲರೂ ಹೇಳುವ ಮಾತು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಅವನು ಮಾಡದಿದ್ದರೆ? ಸೇಡಿಗೆಂದು ನಾನೂ ಪೂರ್ಣ ದೀಪವನ್ನು ಅವನ ಮುಖಕ್ಕೆ ಹಿಡಿದರೆ, ಕಿರಿದಾದ ರಸ್ತೆಯಲ್ಲಿ ಎದುರುಬದುರಾಗಿ ಧಾವಿಸುತ್ತಿರುವ ಇಬ್ಬರು ಕುರುಡರಾದೆವು. ಸೇಡು ಎಲ್ಲಿಯೂ ಹಿತವಲ್ಲ. ಇಲ್ಲಂತೂ ಅದು ನನ್ನ ಕಡೆಗೇ ಬರುತ್ತಿರುವ ಗಾಡಿಯ ಚಾಲಕನ ಕಣ್ಣಿಗೆ ನಾನೇ ಬಟ್ಟೆ ಕಟ್ಟಿದಂತೆ. ಎಲ್ಲರೂ ಹೆಚ್ಚಿನ ದೀಪ ಹಾಕಿಕೊಂಡ ಮೇಲೆ ಯಾರಿಗೂ ಹೆಚ್ಚಿನ ನೋಟ ಉಳಿಯುವುದಿಲ್ಲ. ಮೈಸೂರಿನಲ್ಲಿ 1961ರಲ್ಲಿ ತಯಾರಿಕೆ ಆರಂಭವಾದ ಜಾವಾ ಗಾಡಿಯ ದೀಪಕ್ಕಿದ್ದ ಬಲ ಆರು ವೋಲ್ಟು. ಆ ಮಂಕು ಬೆಳಕಿನಲ್ಲಿಯೇ ಹಿಂದಿನವರು ಈ ದಾರಿಗಳಲ್ಲಿ ಓಡಾಡಿದರು. ಈಗ ವೋಲ್ಟು ಇಮ್ಮಡಿಯಾಗಿದೆ, ಬೆಳಕು ಹಲವು ಮಡಿಯಾಗಿದೆ; ಕಣ್ಣು ಮಾತ್ರ ಅಂದಿನದೇ.

ಕೊಡುಕೊಳ್ಳುವ ನ್ಯಾಯದ ನಿಜವಾದ ಪರೀಕ್ಷೆಯಾಗುವುದು ಇನ್ನೊಂದು ಕಡೆ. ಎದುರಿಗೆ ಬರುವವನ ಬಳಿ ದೀಪವೇ ಇಲ್ಲದಿದ್ದರೆ? ಕೊನೆಯ ಬಸ್ಸಿಳಿದು ಮನೆಯತ್ತ ನಡೆಯುವ ಮುದುಕಿ, ಸೈಕಲ್ಲಿನ ಹುಡುಗ, ಎಮ್ಮೆ ಹೊಡೆದುಕೊಂಡು ಬರುವವನು, ಇವರು ನನಗೆ ಪ್ರತಿಯಾಗಿ ತಗ್ಗಿಸಲು ಏನನ್ನೂ ಹೊಂದಿಲ್ಲ. ಮುಖಕ್ಕೆ ಮುಖ ಕೊಟ್ಟು ಸೇಡು ತೀರಿಸಲೂ ಆರರು. ಕಣ್ಣಿಗೆ ಕೈಯಡ್ಡ ಹಿಡಿದು ರಸ್ತೆಯ ಅಂಚಿಗೆ, ಕೆಲವೊಮ್ಮೆ ಚರಂಡಿಗೆ, ಸರಿಯುವುದೊಂದೇ ಅವರಿಗಿರುವ ಉಪಾಯ. ಕಾರಿಗೆ ಡಿಮ್ ಮಾಡುವ ನಮ್ಮಲ್ಲಿ ಎಷ್ಟು ಮಂದಿ ನಡೆಯುವವನಿಗೆ ಡಿಮ್ ಮಾಡುತ್ತೇವೆ? ಮಾಡದಿದ್ದರೆ, ನಾವು ಮರ್ಯಾದೆಯೆಂದು ತಿಳಿದದ್ದು ಬಲಶಾಲಿಗಳ ನಡುವಣ ಒಪ್ಪಂದ ಮಾತ್ರವೆಂದಾಯಿತು. ಧರ್ಮವೆಂಬ ಹೆಸರು ಸಲ್ಲುವುದು, ತಿರುಗಿ ಏನನ್ನೂ ಕೊಡಲಾರದವನ ಎದುರಿಗೂ ತಗ್ಗುವ ದೀಪಕ್ಕೆ. ಮಿಸ್ತ್ರಿಯ ತಂತಿ ಎಷ್ಟು ಜಾಣತನದ್ದಾದರೂ ಇಷ್ಟನ್ನು ಮಾಡಲಾರದು. ಅದಕ್ಕೂ ಹೆಬ್ಬೆರಳಿನ ಅಪ್ಪಣೆ ಬೇಕು.

ಹಾಗಾದರೆ ಆನೆಯ ಗತಿಯೇನು, ಗುಂಡಿಯ ಗತಿಯೇನು? ಹಿಂದೆ ಎತ್ತಿನ ಗಾಡಿಯ ಕೆಳಗೆ, ಅಚ್ಚಿನ ಬಳಿ ಒಂದು ಲಾಂದ್ರ ತೂಗುತ್ತಿತ್ತು. ಅದರ ಬೆಳಕು ನೆಲದ ಮೇಲೆ ಬೀಳುತ್ತಿತ್ತೇ ಹೊರತು ಯಾರ ಮುಖದ ಮೇಲೂ ಅಲ್ಲ. ಗಾಡಿ ಇದೆಯೆಂಬುದು ಮಾತ್ರ ದೂರಕ್ಕೂ ತಿಳಿಯುತ್ತಿತ್ತು. ಅಷ್ಟು ಅಲ್ಪ ಬೆಳಕು ಸಾಕಾದದ್ದು ಗಾಡಿ ಆ ಬೆಳಕಿಗೆ ತಕ್ಕ ನಡಿಗೆಯಲ್ಲಿ ಹೋಗುತ್ತಿದ್ದುದರಿಂದ. ನಮಗೆ ಬೇಕಾಗಿರುವುದು ಬೆಳಕೋ ವೇಗವೋ ಎಂದು ಒಮ್ಮೆ ಕೇಳಿಕೊಳ್ಳುವುದು ಮೇಲು. ದೀಪ ತೋರಿಸುವಷ್ಟು ದೂರದೊಳಗೆ ಗಾಡಿಯನ್ನು ನಿಲ್ಲಿಸಲು ಸಾಧ್ಯವಾಗುವ ವೇಗದಲ್ಲಿ ಹೋದರೆ ಆನೆಗೂ ಗುಂಡಿಗೂ ಉತ್ತರ ಸಿಕ್ಕಿದಂತೆಯೇ. 60ರ ಬದಲು 40ರಲ್ಲಿ ಹೋದರೆ ಸೆಕೆಂಡಿಗೆ ಸಾಗುವುದು ಸುಮಾರು 11 ಮೀಟರು. ಹೆಡ್‌ಲೈಟಿನ ಗಾಜನ್ನು ಒರೆಸಿ, ಅದರ ಕಿರಣವನ್ನು ಸರಿಯಾದ ಇಳಿಜಾರಿಗೆ ತಿರುಗಿಸಿಕೊಂಡರೆ ಇರುವ ದೀಪವೇ ಇನ್ನಷ್ಟು ತೋರಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಹದಿನೈದು ಇಪ್ಪತ್ತು ನಿಮಿಷ. ಪಾಳಿಯ ಗಂಟೆಗೆ ಹಾಜರಾಗಬೇಕಾದವನಿಗೆ ಅದು ಸಣ್ಣ ಬೆಲೆಯಲ್ಲ. ನಿದ್ದೆಯಿಂದ ಕಡಿದು ಕೊಡಬೇಕು. ಅದನ್ನು ನಾನು ಮರೆಮಾಚಲಾರೆ. ಆದರೆ ಆ ನಿಮಿಷಗಳನ್ನು ಅವನು ಕೊಡದಿದ್ದರೆ, ಅವನ್ನು ಕೊಡುವವಳು ಚರಂಡಿಯ ಅಂಚಿಗೆ ಸರಿದ ಆ ಮುದುಕಿ. ಅವಳನ್ನು ಯಾರೂ ಕೇಳಿರುವುದಿಲ್ಲ.

ಹುಡುಗ ಇನ್ನೂ ತೀರ್ಮಾನಿಸಿಲ್ಲ. ನಾನು ಒತ್ತಾಯಿಸಿಯೂ ಇಲ್ಲ. ಆ ದಾರಿಯಲ್ಲಿ ನಡುರಾತ್ರಿ ಒಬ್ಬನೇ ಹೋಗುವವನು ಅವನು. ಇಷ್ಟು ಮಾತ್ರ ಹೇಳಿದ್ದೇನೆ: “ಒಂದು ಸಲ ಗಾಡಿ ನಿಲ್ಲಿಸಿ ಇಳಿದು, ಅಂಥ ದೀಪದ ಮುಂದೆ ನಡೆದು ನೋಡು ಕಣೋ. ಆಮೇಲೆ ಯಾವ ತಂತಿ ಬೇಕೋ ನೀನೇ ಹೇಳು.”

ಮೋಟಾರು ಸೈಕಲ್ಲಿಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬೇಕಾಗಿಲ್ಲ. ವಿದ್ಯೆ, ಹಣ, ಅಧಿಕಾರ, ತಾನು ಸತ್ಯವನ್ನೇ ಆಡುತ್ತಿದ್ದೇನೆಂಬ ಭರವಸೆ, ಇವೂ ಮುಂದಕ್ಕೆ ಹಿಡಿದ ದೀಪಗಳೇ. ತರಗತಿಯಲ್ಲಿ ಪಾಠ ಹೇಳುವ ನಮ್ಮಂಥವರ ಕೈಯಲ್ಲಿಯೂ ಒಂದಿದೆ. ಅದನ್ನು ಪುಟದ ಮೇಲೆ ಹಿಡಿಯಬಹುದು, ವಿದ್ಯಾರ್ಥಿಯ ಕಣ್ಣಿಗೂ ಹಿಡಿಯಬಹುದು. ಎರಡು ಕಡೆಯೂ ಬೆಳಕು ಒಂದೇ. ಅದು ಎಷ್ಟಿದೆ ಎಂದು ಮಾತ್ರ ಅಳೆಯುವುದನ್ನು ಬಿಟ್ಟು, ಎತ್ತ ಬೀಳುತ್ತಿದೆ ಎಂದು ನೋಡಿಕೊಳ್ಳುವವನಿಗೆ ದಾರಿಯೂ ಕಾಣುತ್ತದೆ, ಆ ದಾರಿಯಲ್ಲಿ ಬರುತ್ತಿರುವ ಮನುಷ್ಯನೂ ಕಾಣುತ್ತಾನೆ.