ನೋಡಲು ಉಳಿದ ಉಸಿರು

ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ ಬೆಳಗಿನ ಹೊತ್ತು ಎರಡು ಬಗೆಯ ಜನ ಕಾಣಸಿಗುತ್ತಾರೆ. ಮಣಿಕಟ್ಟಿನ ಗಡಿಯಾರ ನೋಡಿಕೊಳ್ಳುತ್ತ ಎರಡೆರಡು ಮೆಟ್ಟಿಲು ಹಾರಿ ಓಡುವವರು ಒಂದು ಬಗೆ. ಹರಕೆ ಹೊತ್ತ ಹೆಂಗಸರು ಇನ್ನೊಂದು ಬಗೆ. ಅವರ ಎಡಗೈಯಲ್ಲಿ ಬಟ್ಟಲು. ಪ್ರತಿ ಮೆಟ್ಟಿಲಿಗೂ ಬಗ್ಗಬೇಕು, ಬೆರಳಿಂದ ಅರಿಶಿನ ಒತ್ತಬೇಕು, ಅದರ ಮೇಲೆ ಕುಂಕುಮ ಇಡಬೇಕು, ಜಾರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಡಬೇಕು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಈ ಸುಮಾರು 1,000 ಮೆಟ್ಟಿಲಿಗೆ ಅಷ್ಟೇ ಸಲ ಸೊಂಟ ಬಗ್ಗಬೇಕು. ಓಟದ ಕೈಪಿಡಿಗಳ ಕಣ್ಣಿನಲ್ಲಿ ಮೊದಲಿನವರು ನುರಿತವರು, ಎರಡನೆಯವರು ಲೆಕ್ಕಕ್ಕೇ ಇಲ್ಲ. ಆದರೆ ಓಡುವವರ ಕೈಗೊಮ್ಮೆ ಆ ಬಟ್ಟಲು ಕೊಟ್ಟು ನೋಡಬೇಕು. ಅರ್ಧ ದಾರಿಗೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕೂತಿರುತ್ತಾರೆ. ಒಂದೇ ಬೆಟ್ಟ, ಒಂದೇ ದಾರಿ ಇರುವಲ್ಲಿ ಯಾರು ಎಷ್ಟಕ್ಕೆ ತಕ್ಕವರು ಎಂದು ಹೇಳುವುದು ಯಾವ ಆಧಾರದ ಮೇಲೆ?

ಗುಡ್ಡಗಾಡಿನ ಕಾಲುದಾರಿಗಳಲ್ಲಿ ಓಡುವ ಟ್ರೇಲ್ ರನ್ನಿಂಗ್ ಈಗ ನಮ್ಮಲ್ಲೂ ಬೇರೂರಿದೆ. ಮಲೆನಾಡಿನ ಕಾಫಿ ತೋಟಗಳ ನಡುವೆ 100 ಕಿಲೋಮೀಟರಿಗೂ ಮಿಕ್ಕಿದ ಓಟಗಳು ನಡೆಯುತ್ತವೆ. ಹೊಸದಾಗಿ ಬಂದವರು ಕೇಳುವ ಮೊದಲ ಪ್ರಶ್ನೆ, ಚೆಂದದ ದಾರಿ ಯಾವುದು? ಎರಡನೆಯದು, ಅದು ನನ್ನಿಂದ ಆಗುತ್ತದಾ? ಇವು ಬೇರೆಬೇರೆ ಪ್ರಶ್ನೆಗಳು ಅಂದುಕೊಳ್ಳುವುದೇ ತಪ್ಪು ಎಂಬುದು ನನ್ನ ವಾದ. ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಅರ್ಥವೇ ಇಲ್ಲ. ಎರಡನೆಯದಕ್ಕಾದರೆ ಅಳತೆಗೋಲುಗಳಿವೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟ. ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಂದಿನ ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಸ್ಥೆ ಪ್ರತಿ 100 ಮೀಟರ್ ಏರನ್ನು ಒಂದು ಕಿಲೋಮೀಟರ್ ಎಂದು ಎಣಿಸಿ ದೂರಕ್ಕೆ ಕೂಡಿಸುತ್ತದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ 1,712 ಮೀಟರಿನ ತುದಿಗೆ ಸುಮಾರು 13 ಕಿಲೋಮೀಟರ್. ಏರು 1,500 ಮೀಟರಿಗೆ ಕಡಿಮೆಯಿಲ್ಲ. 13 ಎಂದು ಕೇಳಿಸಿದ ದಾರಿ ಸಂಸ್ಥೆಯ ಲೆಕ್ಕದಲ್ಲಿ 28 ಆಗುತ್ತದೆ. ನೈಸ್ಮಿತ್‌ನ ಲೆಕ್ಕದಲ್ಲಿ ಬರೀ ಹತ್ತುವುದಕ್ಕೇ ಸುಮಾರು 5 ಗಂಟೆ. ತೋಟದೊಳಗಿನ 200 ಮೀಟರ್ ಏರಿನ ಅಷ್ಟೇ ಉದ್ದದ ದಾರಿ ಸಂಸ್ಥೆಯ ಲೆಕ್ಕದಲ್ಲಿ 15ಕ್ಕೇ ನಿಲ್ಲುತ್ತದೆ. ಅದೇ ಕುಮಾರ ಪರ್ವತಕ್ಕೆ ಸೋಮವಾರಪೇಟೆಯ ಕಡೆಯಿಂದ ಹೋದರೆ ದೂರ ಸುಮಾರು ಅರ್ಧಕ್ಕಿಳಿಯುತ್ತದೆ, ಏರೂ ಕಡಿಮೆ. ಈ ಲೆಕ್ಕಗಳಲ್ಲಿ ಎಲ್ಲಿಯೂ ಓಡುವವರ ಹೆಸರಿಲ್ಲ, ವಯಸ್ಸಿಲ್ಲ, ಊರಿಲ್ಲ. ಅಳೆಯುತ್ತಿರುವುದು ದಾರಿಯನ್ನು. ಈ ಮಾತು ಮುಂದೆ ಬೇಕಾಗುತ್ತದೆ.

ಇನ್ನು ಚೆಂದದ ಮಾತು. ಮಳೆಗಾಲ ಮುಗಿದ ಹೊಸತರಲ್ಲಿ ಪಶ್ಚಿಮಘಟ್ಟದ ಇಳಿಜಾರಿನಲ್ಲಿ ಓಡುವವರ ಕಣ್ಣು ಎಲ್ಲಿರುತ್ತದೆ? ಎರಡು ಮೂರು ಹೆಜ್ಜೆ ಮುಂದೆ, ನೆಲದ ಮೇಲೆ. ಪಾಚಿ ಹಿಡಿದ ಕಲ್ಲು ಯಾವುದು, ಒಣಗಿದ್ದು ಯಾವುದು, ತರಗೆಲೆಯ ಕೆಳಗೆ ಬೇರಿದೆಯೋ ಗುಂಡಿಯಿದೆಯೋ, ಕಾಲಿಗೆ ಹತ್ತಿದ್ದು ಮಣ್ಣೋ ಇಂಬಳವೋ. ನುರಿತವರ ಪಾದ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುವುದರಿಂದ ಕಣ್ಣು ಆಗಾಗ ಮೇಲೆದ್ದು ಶೋಲಾ ಕಾಡಿನ ಅಂಚನ್ನೂ ಹುಲ್ಲುಗುಡ್ಡದ ಮೇಲೆ ಸರಿಯುವ ಮಂಜನ್ನೂ ನೋಡಿ ಬರಬಲ್ಲದು. ಶಕ್ತಿಗೆ ಮೀರಿದ ದಾರಿ ಹಿಡಿದವರಿಗೆ ಆ ಬಿಡುವಿಲ್ಲ. ನಾಡಿನ ಅತಿ ಸುಂದರ ದಾರಿಯಲ್ಲಿ ಇಡೀ ದಿನ ಓಡಿಯೂ ಅವರು ಕಂಡದ್ದು ತಮ್ಮ ಬೂಟಿನ ತುದಿಯನ್ನೇ. ಸೌಂದರ್ಯ ದಾರಿಯಲ್ಲಿ ಬಿದ್ದಿರುವ ವಸ್ತುವಲ್ಲ, ದಾರಿಗೂ ನಡೆಯುವವರಿಗೂ ನಡುವೆ ಕುದುರುವ ಸಂಬಂಧ. ಜರ್ಮನಿಯ ಕಾಂಟ್ 1790ರ ತನ್ನ ಗ್ರಂಥದಲ್ಲಿ ಭವ್ಯತೆಯ ಬಗ್ಗೆ ಬರೆಯುತ್ತ ಹೆಚ್ಚುಕಡಿಮೆ ಇದನ್ನೇ ಗುರುತಿಸಿದ್ದ. ಕಡಿದಾದ ಬಂಡೆ, ಗುಡುಗು, ಉಕ್ಕುವ ಕಡಲು ಇವೆಲ್ಲ ಭವ್ಯವಾಗಿ ಕಾಣುವುದು ನೋಡುವವರು ಸುರಕ್ಷಿತ ಜಾಗದಲ್ಲಿದ್ದಾಗ ಮಾತ್ರ. ಪ್ರಾಣಭಯದಲ್ಲಿರುವವರಿಗೆ ಭವ್ಯತೆಯಿಲ್ಲ, ಬರೀ ಭಯ. ನಮ್ಮ ಭಾಷೆಯಂತೂ ಕಣ್ಣಿನ ನೋಟ, ದೇವರ ಭೇಟಿ, ತತ್ತ್ವಶಾಸ್ತ್ರ ಮೂರಕ್ಕೂ ದರ್ಶನ ಎಂಬ ಒಂದೇ ಮಾತು ಇಟ್ಟುಕೊಂಡಿದೆ. ಹಾಗಾದರೆ ದಾರಿಯ ಆಯ್ಕೆ ದರ್ಶನದ ಪ್ರಶ್ನೆ. ತನ್ನ ಅಳವಿಗೆ ತಕ್ಕ ದಾರಿ ಹಿಡಿಯುವುದು ಸೋತು ಒಪ್ಪಿಕೊಂಡ ರಾಜಿಯಲ್ಲ, ನೋಡುವುದಕ್ಕೆ ಬೇಕಾದ ಉಸಿರನ್ನು ಉಳಿಸಿಕೊಳ್ಳುವುದು.

ಹಳೆಯ ಚಿಂತಕರಿಗೆ ಇದು ಹೊಸ ಮಾತಲ್ಲ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಹದದ ಬಗ್ಗೆ ಹೇಳುವಾಗ ಎತ್ತಿಕೊಂಡ ಉದಾಹರಣೆ ಗರಡಿಯದು. ಒಬ್ಬನಿಗೆ ಯಾವ ಊಟ ಹೆಚ್ಚು, ಯಾವುದು ಕಡಿಮೆ ಎಂದು ಎರಡನ್ನು ಕೂಡಿಸಿ ಭಾಗಿಸಿ ಹೇಳಲಾಗದು. ಮೈಲೋನಂಥ ಜಟ್ಟಿಗೆ ಸಾಲದ ತುತ್ತು ಅಂದೇ ಗರಡಿಗೆ ಸೇರಿದವನಿಗೆ ವಿಪರೀತ. ಗೀತೆಯ 12ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 8ರಿಂದ 11ನೇ ಶ್ಲೋಕದವರೆಗೆ ಕೃಷ್ಣ ಇಳಿಯುತ್ತ ಹೋಗುವ ಮೆಟ್ಟಿಲು ಕಟ್ಟುತ್ತಾನೆ. ಮನಸ್ಸನ್ನು ನನ್ನಲ್ಲಿ ನೆಡು; ಆಗದಿದ್ದರೆ ಅಭ್ಯಾಸ ಮಾಡು; ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು; ಅದಕ್ಕೂ ಶಕ್ತಿಯಿಲ್ಲದಿದ್ದರೆ ಫಲವನ್ನು ಬಿಡು. ಸಾಮಾನ್ಯವಾಗಿ ಗುರುಗಳು ಶಿಷ್ಯರನ್ನು ಮೇಲಕ್ಕೆ ಹತ್ತಿಸುತ್ತಾರೆ. ಇಲ್ಲಿ ಗುರು ತಾನೇ ಕೆಳಗಿಳಿದು ಬಂದು ಎಲ್ಲಿ ಕಾಲೂರಬಲ್ಲೆ ಎಂದು ಕೇಳುತ್ತಿದ್ದಾನೆ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಕಡಿಮೆ ದೇವರು ಸಿಗುತ್ತಾನೆ ಎಂಬ ಮಾತು ಅಲ್ಲಿಲ್ಲ.

ಆದರೆ ತಪಸ್ಸು? ಕಷ್ಟವೇ ದಾರಿಯನ್ನು ಪವಿತ್ರಗೊಳಿಸುವುದಲ್ಲವೇ, ಸುಲಭದ ದಾರಿ ಹುಡುಕುವವರು ಪ್ರವಾಸಿಗಳಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಇದರ ಪರವಾಗಿ ಜಪಾನಿನ ಹಿಯೆಯಿ ಬೆಟ್ಟದ ತೆಂಡಾಯಿ ಪಂಥದ ಭಿಕ್ಷುಗಳನ್ನು ತೋರಿಸುವವರಿದ್ದಾರೆ. 7 ವರ್ಷಗಳಲ್ಲಿ 1,000 ದಿನ ಬೆಟ್ಟ ಸುತ್ತುವ ವ್ರತ ಅವರದು. ಕೊನೆಯ ವರ್ಷದಲ್ಲಿ 100 ದಿನ ದಿನವೂ ಸುಮಾರು 84 ಕಿಲೋಮೀಟರ್. ಇದಕ್ಕಿಂತ ಕಠಿಣವಾದ ಕಾಲ್ನಡಿಗೆಯ ಸಾಧನೆ ಇನ್ನೊಂದಿರಲಾರದು. ಆದರೆ ಅದರ ಕಟ್ಟಡ ಹೇಗಿದೆ ನೋಡಿ. ಮೊದಲ ವರ್ಷ 100 ದಿನ, ದಿನಕ್ಕೆ 30 ಕಿಲೋಮೀಟರಿನ ಆಸುಪಾಸು. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ, ನಿಂತದ್ದಕ್ಕೆ ಅವರನ್ನು ಯಾರೂ ಹೀಗಳೆಯುವುದಿಲ್ಲ. ಮುಂದುವರಿಯಲು ಬಯಸುವವರು ಹಿರಿಯರ ಒಪ್ಪಿಗೆ ಕೇಳಬೇಕು. ದೂರ ಹೆಚ್ಚುವುದು ಐದು ವರ್ಷ ಕಳೆದ ಮೇಲೆ. ಇನ್ನೊಂದು ಸಂಗತಿಯನ್ನು ಓಟಗಾರರು ಗಮನಿಸುವುದೇ ಇಲ್ಲ: ಆ ಭಿಕ್ಷುಗಳು ಪ್ರತಿರಾತ್ರಿ 200ಕ್ಕೂ ಹೆಚ್ಚು ಕಡೆ ನಿಲ್ಲುತ್ತಾರೆ. ಗುಡಿ, ಸಮಾಧಿ, ಬಂಡೆ, ಮರ ಒಂದೊಂದರ ಮುಂದೆಯೂ ಕೈಮುಗಿದು ಮಂತ್ರ ಹೇಳಿ ಹೊರಡುತ್ತಾರೆ. ಚಾಮುಂಡಿ ಬೆಟ್ಟದ ಬಟ್ಟಲಿನ ಹೆಂಗಸಿಗೆ ಅವರು ಹತ್ತಿರ, ಗಡಿಯಾರದ ಓಟಗಾರರಿಗಲ್ಲ. ಅವರ ತಪಸ್ಸು ಬರೀ ನೋವಲ್ಲ, ನೋವಿನ ನಡುವೆಯೂ ಗಮನ ಕೆಡದಂತೆ ವರ್ಷಗಟ್ಟಲೆ ಪಳಗಿಸಿದ ಮೈ. ನೋವೇ ಪುಣ್ಯದ ನಾಣ್ಯವಾಗಿದ್ದರೆ ಶ್ರವಣಬೆಳಗೊಳದಲ್ಲಿ ಮುದುಕರನ್ನು ಡೋಲಿಯಲ್ಲಿ ಕೂರಿಸಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಹೊತ್ತು ಹತ್ತಿ ಇಳಿಯುವವರು ಮಧ್ಯಾಹ್ನದೊಳಗೆ ಮುಕ್ತರಾಗಿಬಿಡಬೇಕಿತ್ತು. ಅವರಿಗೆ ಸಿಗುವುದು ಕೂಲಿ. ಡೋಲಿಯಲ್ಲಿ ಕೂತು ಬಂದ ಅಜ್ಜಿಗೆ ಗೊಮ್ಮಟ ಅರ್ಧ ಮಾತ್ರ ಕಾಣುತ್ತಾನೆ ಎಂದು ಯಾವ ಜೈನ ಮುನಿಯೂ ಹೇಳಲಾರರು.

ಎರಡನೆಯ ಆಕ್ಷೇಪಕ್ಕೆ ಉತ್ತರಿಸುವುದು ಇಷ್ಟು ಸಲೀಸಲ್ಲ. ಯೋಗ್ಯತೆಗೆ ತಕ್ಕ ದಾರಿ ಎಂಬ ಮಾತಿಗೆ ಈ ನೆಲದಲ್ಲಿ ಕೆಟ್ಟ ಚರಿತ್ರೆಯಿದೆ. ಅದರ ಶಾಸ್ತ್ರೀಯ ಹೆಸರು ಅಧಿಕಾರಭೇದ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣ ಎಂಬ ಭಾಗವನ್ನು ಶಂಕರರಂಥ ಭಾಷ್ಯಕಾರರು ಶೂದ್ರರಿಗೆ ವೇದಾಧ್ಯಯನವಿಲ್ಲ ಎಂದು ಓದಿದರು. ಉಡುಪಿಯಲ್ಲಿ ಕನಕದಾಸರಿಗೆ ಬಾಗಿಲು ಮುಚ್ಚಿದಾಗ ಕೃಷ್ಣ ಪಶ್ಚಿಮಕ್ಕೆ ತಿರುಗಿ ಗೋಡೆಯ ಬಿರುಕಿನಲ್ಲಿ ಕಾಣಿಸಿಕೊಂಡ ಎಂಬ ಐತಿಹ್ಯವನ್ನು ನಾವು ಭಕ್ತಿಯಿಂದ ಹೇಳಿಕೊಳ್ಳುತ್ತೇವೆ, ಬಾಗಿಲು ಯಾಕೆ ಮುಚ್ಚಿತ್ತು ಎಂಬುದನ್ನು ಬೇಗ ದಾಟಿಬಿಡುತ್ತೇವೆ. ಹೊಸಬರಿಗೆ ತೋಟದ ದಾರಿ, ನುರಿತವರಿಗೆ ಶಿಖರ ಎಂಬ ಪಟ್ಟಿಯೂ ಅದೇ ರೋಗದ ಮರಿಯಲ್ಲವೇ? ಆಗಬಹುದು. ದರ್ಜೆಯನ್ನು ಮನುಷ್ಯರ ಹಣೆಗೆ ಅಂಟಿಸಿದರೆ ಖಂಡಿತ ಆಗುತ್ತದೆ. ಹಿಂದೆ ಹೇಳಿದ ಲೆಕ್ಕ ಇಲ್ಲಿ ಬೇಕಾಗುವುದು. ಕುಮಾರ ಪರ್ವತದ 28 ಎಂಬುದು ದಾರಿಯ ಗುಣ. ಅದನ್ನು ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬಹುದು. ಹೋಗಬೇಕೋ ಬೇಡವೋ ಎಂದು ಓದಿದವರು ತೀರ್ಮಾನಿಸುತ್ತಾರೆ. ಗೀತೆಯ ಆ ಶ್ಲೋಕಗಳಲ್ಲಿಯೂ ಆಗದಿದ್ದರೆ ಎಂಬ ಮಾತು ಅರ್ಜುನನಿಗೇ ಬಿಟ್ಟದ್ದು, ಆಗುತ್ತದೋ ಇಲ್ಲವೋ ಎಂದು ಹೇಳಲು ನಡುವೆ ಕಾವಲುಗಾರನಿಲ್ಲ. ಶಂಕರರೇ ಬ್ರಹ್ಮಜಿಜ್ಞಾಸೆಗೆ ಕೇಳುವ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕೂ ಸಾಧಿಸಿ ಪಡೆಯುವಂಥವು, ಹುಟ್ಟಿನಿಂದ ಬರುವಂಥವಲ್ಲ. ಒಂದೇ ಭಾಷ್ಯದೊಳಗೆ ಹುಟ್ಟಿನದು, ಸಾಧನೆಯದು ಎಂಬ ಈ ಎರಡು ಅಧಿಕಾರಗಳು ಜಗಳವಾಡುತ್ತಿವೆ. ಎರಡನೆಯದು ಗೆಲ್ಲಲೆಂದು ನನ್ನ ಬಯಕೆ.

ಅಳವಿಗೆ ತಕ್ಕ ದಾರಿಯಲ್ಲೇ ಇದ್ದರೆ ಅಳವು ಬೆಳೆಯುವುದು ಯಾವಾಗ ಎಂದು ಕೇಳಬಹುದು. ಇದಕ್ಕೆ ಮೈಯೇ ಉತ್ತರ ಹೇಳುತ್ತದೆ. ಏರಿನಲ್ಲಿ ಕೈಕೊಡುವುದು ದಮ್ಮು, ಇಳಿಜಾರಿನಲ್ಲಿ ತೊಡೆ. ಹಿಗ್ಗುತ್ತಲೇ ಭಾರ ತಡೆಯಬೇಕಾದ ತೊಡೆಯ ಸ್ನಾಯುಗಳು ಮೊದಲ ಸಲ ಎರಡು ದಿನ ನೋಯುತ್ತವೆ, ಕೆಲವು ವಾರ ಬಿಟ್ಟು ಅದೇ ಇಳಿಜಾರು ಇಳಿದರೆ ನೋವು ಎಷ್ಟೋ ಕಡಿಮೆ. ಬೆಳವಣಿಗೆ ಆಗುವುದು ಅಳವಿನ ಅಂಚಿನಲ್ಲಿ, ಅದರಿಂದ ಹತ್ತು ಹರದಾರಿ ಆಚೆಯಲ್ಲ. ಅಂಚೂ ನಿಂತಲ್ಲಿ ನಿಲ್ಲುವುದಿಲ್ಲ. ನಿದ್ದೆಗೆಟ್ಟ ಮರುದಿನ, ಜ್ವರ ಬಿಟ್ಟ ವಾರ, ಐವತ್ತು ದಾಟಿದ ವರ್ಷ ಅದು ಹಿಂದೆ ಸರಿದಿರುತ್ತದೆ. ಹೋದ ತಿಂಗಳು ಶಿಖರ ಮುಟ್ಟಿದವರಿಗೆ ಈ ತಿಂಗಳು ತೋಟದ ದಾರಿಯೇ ಸರಿಯಿರಬಹುದು. ನಾನು ಇಂಥ ಮಟ್ಟದ ಓಟಗಾರ ಎಂದು ಹೇಳಿಕೊಳ್ಳುವವರು ನಿಜಕ್ಕೂ ಹೇಳುತ್ತಿರುವುದು ಒಂದು ಹಳೆಯ ದಿನದ ಸುದ್ದಿ.

ಚಾಮುಂಡಿ ಬೆಟ್ಟದ ಮೆಟ್ಟಿಲು ಕಟ್ಟಿದವರಿಗೆ ಇದು ತಿಳಿದಿತ್ತೋ ಏನೋ. ದೊಡ್ಡ ನಂದಿ ಇರುವುದು ತುದಿಯಲ್ಲಲ್ಲ, 700ನೇ ಮೆಟ್ಟಿಲ ಹತ್ತಿರ. ಕರಿಬಂಡೆಯ ಕೊರಳಲ್ಲಿ ಗಂಟೆಯ ಸರ, ಅರೆಮುಚ್ಚಿದಂತಿರುವ ಕಣ್ಣು. ಮಂಡಿನೋವಿನವರು, ಮಗು ಎತ್ತಿಕೊಂಡವರು, ಬಿಸಿಲು ಏರಿತೆಂದು ಹೊರಟವರು ಅಲ್ಲಿಯೇ ಕೂತು, ಸುತ್ತು ಬಂದು, ಕೆಳಗೆ ಹರಡಿದ ಮೈಸೂರನ್ನು ಹೊತ್ತು ಹೋದದ್ದು ತಿಳಿಯದಂತೆ ನೋಡುತ್ತಿರುತ್ತಾರೆ. ಅವರ ಪಕ್ಕದಲ್ಲೇ ಯಾರೋ ಗಡಿಯಾರ ಒತ್ತಿಕೊಂಡು ಮೇಲಕ್ಕೆ ಹಾದುಹೋಗುತ್ತಾರೆ.