ಆಟದ ತಲೆಗೆ ಕಟ್ಟಿದ ಪಾಪ

ಒಬ್ಬ ಮನುಷ್ಯನನ್ನು ಮಾತಾಡಿಸುವುದಕ್ಕೆ ಮೊದಲೇ ಅವನು ಎಂಥವನು ಎಂದು ತೀರ್ಮಾನಿಸುವ ಹಕ್ಕು ಯಾರಿಗಾದರೂ ಇದೆಯೇ? ಜಾತಿಯ ವಿಷಯದಲ್ಲಿ ಈ ಪ್ರಶ್ನೆಗೆ ನಮ್ಮ ಉತ್ತರ ಗೊತ್ತೇ ಇದೆ. ಜಾತಿಗೆ ಸಂಬಂಧವೇ ಇಲ್ಲದಂತೆ ಕಾಣುವ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಅದೇ ಪ್ರಶ್ನೆ ಕೇಳೋಣ. ಅಮೆರಿಕದ ಒಂದು ಆಟ, ಅದನ್ನು ಆಡುವವರನ್ನು ಅಲ್ಲಿನ ಸಿನಿಮಾ ತೋರಿಸಿದ ಬಗೆ — ಇದು ವಿಷಯ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ್ದು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಬಂದದ್ದು. ಮೈದಾನ ಬೇಡ, ಚೆಂಡು ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂತರೆ ಸಾಕು. ಒಬ್ಬ ಕತೆ ನಡೆಸುತ್ತಾನೆ. ಉಳಿದವರಲ್ಲಿ ಒಬ್ಬ ಯೋಧ, ಒಬ್ಬಳು ಮಾಂತ್ರಿಕಳು, ಇನ್ನೊಬ್ಬ ಕಳ್ಳ. ‘ಬಾಗಿಲು ಒಡೀತೀನಿ’ ಅಂತ ಒಬ್ಬ ಹೇಳ್ತಾನೆ; ಒಡೆಯಿತೋ ಇಲ್ಲವೋ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕೊನೆಗೆ ಉಳಿಯುವುದು ಎಲ್ಲರೂ ಸೇರಿ ಕಟ್ಟಿದ ಕತೆ. ಬಯಲಾಟ ನೋಡಿದವರಿಗೆ ಇದು ಅರ್ಥವಾಗದ್ದೇನಲ್ಲ. ರಾತ್ರಿ ದುರ್ಯೋಧನನಾಗಿ ಅಬ್ಬರಿಸಿದವನು ಬೆಳಿಗ್ಗೆ ಬಣ್ಣ ತೊಳೆದು ನೇಗಿಲು ಹಿಡಿಯುತ್ತಾನೆ. ಅವನಿಗೆ ಹುಚ್ಚು ಅಂತ ಊರಲ್ಲಿ ಯಾರೂ ಅನ್ನುವುದಿಲ್ಲ.

ಅಮೆರಿಕದಲ್ಲಿ ಅಂದರು. 1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿ ಕಾಣೆಯಾದ. ಅವನು ಈ ಆಟ ಆಡುತ್ತಿದ್ದನೆಂಬುದು ಹೊರಬಿತ್ತು. ಮನೆಯವರು ಗೊತ್ತುಮಾಡಿದ್ದ ಪತ್ತೇದಾರ, ನೆಲದಡಿಯ ಉಗಿಕೊಳವೆ ಸುರಂಗಗಳಲ್ಲಿ ಆಟ ಆಡಲು ಹೋಗಿ ಹುಡುಗ ಕಳೆದುಹೋಗಿರಬಹುದೆಂದು ಊಹಿಸಿದ. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಸುಮಾರು ಒಂದು ತಿಂಗಳ ಮೇಲೆ ಹುಡುಗ ಸಿಕ್ಕಿದ. ಅವನ ಸಂಕಟವೇ ಬೇರೆ ಇತ್ತು: ವಯಸ್ಸಿಗೆ ಮೀರಿದ ಓದಿನ ಭಾರ, ಒಂಟಿತನ, ಬದುಕೇ ಬೇಡವೆನಿಸಿದ ಮನಸ್ಸು. ಮರುವರ್ಷ ಅವನು ತೀರಿಕೊಂಡ. ಆಟ ಕಾರಣವಲ್ಲವೆಂಬುದು ಆ ಪತ್ತೇದಾರನೇ 1984ರಲ್ಲಿ ಬರೆದ ಪುಸ್ತಕದಿಂದ ತಿಳಿಯುತ್ತದೆ. ಆದರೆ ಅಷ್ಟರಲ್ಲಿ ಸಿನಿಮಾ ಬಂದಾಗಿತ್ತು.

ಈ ಸುದ್ದಿಯ ಬೆನ್ನಲ್ಲೇ 1981ರಲ್ಲಿ ರೋನಾ ಜಾಫೆ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಎಂಬ ಕಾದಂಬರಿ ಬರೆದರು. 1982ರ ಡಿಸೆಂಬರ್‌ನಲ್ಲಿ ಸಿಬಿಎಸ್ ಅದನ್ನು ಟೆಲಿವಿಷನ್ ಚಿತ್ರವಾಗಿ ತೋರಿಸಿತು. ಆಗಿನ್ನೂ ಹೆಸರಾಗದಿದ್ದ ಟಾಮ್ ಹ್ಯಾಂಕ್ಸ್ ಅದರಲ್ಲಿ ರಾಬಿ ಎಂಬ ವಿದ್ಯಾರ್ಥಿ. ಆಟದ ಪಾತ್ರವೇ ತಾನೆಂದು ರಾಬಿ ನಂಬುತ್ತಾನೆ. ನ್ಯೂಯಾರ್ಕಿಗೆ ಹೋಗಿ ವರ್ಲ್ಡ್ ಟ್ರೇಡ್ ಸೆಂಟರಿನ ಮೇಲಿಂದ ಹಾರಲು ನಿಲ್ಲುತ್ತಾನೆ, ಗೆಳೆಯರು ತಡೆಯುತ್ತಾರೆ. ಕೊನೆಗೂ ಅವನ ಬುದ್ಧಿ ತಿಳಿಯಾಗುವುದಿಲ್ಲ.

ಈ ಚಿತ್ರವನ್ನು ಸ್ವಲ್ಪ ಗಮನಿಸಿ ನೋಡಬೇಕು. ರಾಬಿಗೆ ಕಾಣೆಯಾದ ಅಣ್ಣನೊಬ್ಬ ಇದ್ದಾನೆ. ಆ ಗಾಯ ಮಾಗಿಲ್ಲ. ಅವನು ನ್ಯೂಯಾರ್ಕಿಗೆ ಹೊರಡುವುದೂ ಅಣ್ಣನ ನೆನಪು ಎಳೆದು. ಅಂದರೆ ಕಾರಣ ಚಿತ್ರದ ಒಳಗೇ ಇದೆ, ಕಣ್ಣ ಮುಂದೇ ಇದೆ. ಆದರೂ ನೋಡಿದವರು ಮನೆಗೆ ಒಯ್ದದ್ದು ಒಂದೇ ಮಾತು: ಆಟ ಹುಚ್ಚು ಹಿಡಿಸುತ್ತದೆ. ಹೀಗಾದರೆ ಯಾರಿಗೆ ಅನುಕೂಲ? ಮನೆ ಉತ್ತರ ಕೊಡಬೇಕಾಗಿಲ್ಲ. ಮಕ್ಕಳನ್ನು ಅಂಕದಿಂದ ಅಳೆಯುವ ವಿದ್ಯಾಲಯ ಉತ್ತರ ಕೊಡಬೇಕಾಗಿಲ್ಲ. ದಾಳದ ಮೇಲೆ ತಪ್ಪು ಹೊರಿಸಿದರೆ ದಾಳ ತಿರುಗಿ ಮಾತಾಡುವುದಿಲ್ಲ. ಅದೇ ವರ್ಷದ ‘ಇ.ಟಿ.’ ಚಿತ್ರದ ಶುರುವಿನಲ್ಲೂ ಹುಡುಗರು ಮೇಜಿನ ಸುತ್ತ ಕೂತು ಇಂಥದೇ ಆಟ ಆಡುತ್ತಾರೆ. ಅಲ್ಲಿ ಅದು ಒಂದು ಸಂಜೆಯ ಆಟ, ಅಷ್ಟೆ.

1982ರಲ್ಲಿ ಮಗನನ್ನು ಕಳೆದುಕೊಂಡ ಪ್ಯಾಟ್ರಿಷಿಯಾ ಪುಲ್ಲಿಂಗ್ ಎಂಬ ತಾಯಿ ಮರುವರ್ಷ ಈ ಆಟದ ವಿರುದ್ಧ ಒಂದು ಸಂಘ ಕಟ್ಟಿದರು. ಸೈತಾನನ ಪೂಜೆ, ಮಾಟ ಎಂಬ ಆರೋಪಗಳು ದೇಶವೆಲ್ಲ ಹಬ್ಬಿದವು. ಆ ತಾಯಿಯನ್ನು ನೋಡಿ ನಗುವುದು ಬೇಡ. ಆಕೆಯ ಸಂಕಟ ನಿಜ, ಆ ಸಂಕಟಕ್ಕೆ ಸಿಕ್ಕ ಉತ್ತರ ಸುಳ್ಳು. ಕಾಲ ಸರಿದಂತೆ ಭಯ ಹೋಗಿ ಅಪಹಾಸ್ಯ ಬಂತು. ಈ ಆಟ ಆಡುವವನೆಂದರೆ ಕೆಲಸವಿಲ್ಲದ, ಹೆಣ್ಣಿನ ಜೊತೆ ಮಾತಾಡಲು ಬಾರದ, ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಕೂತ ಬಿಳಿಯ ಗಂಡಸು ಎಂಬ ಚಿತ್ರ ಪರದೆಯ ಮೇಲೆ ಗಟ್ಟಿಯಾಯಿತು. ಈ ಅಚ್ಚಿನಲ್ಲಿ ಆಡುವ ಹೆಂಗಸರಿಗೆ, ಕಪ್ಪು ಜನರಿಗೆ ಜಾಗವೇ ಇಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ಗೋಳಲ್ಲವೇ ಎಂದು ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇವರನ್ನು ಯಾರೂ ಬಾವಿಯಿಂದ ದೂರ ನಿಲ್ಲಿಸಲಿಲ್ಲ. ಅಸ್ಪೃಶ್ಯತೆಯ ಪಕ್ಕದಲ್ಲಿ ಇದನ್ನು ಇಡುವುದು ಅನ್ಯಾಯ. ಆದರೆ ಅಚ್ಚು ಒಂದು ಸಲ ತಯಾರಾಯಿತೆಂದರೆ ಅದು ಬಲವಿಲ್ಲದವನನ್ನು ಹುಡುಕಿಕೊಂಡು ಹೋಗುತ್ತದೆ. ಆಟ ಹುಟ್ಟಿದ ಅದೇ ವಿಸ್ಕಾನ್ಸಿನ್‌ನ ವಾಪನ್ ಜೈಲಿನಲ್ಲಿ, ಜೀವಾವಧಿ ಶಿಕ್ಷೆಯ ಕೈದಿಯೊಬ್ಬ ಆಟಕ್ಕಾಗಿ ಕೈಯಲ್ಲಿ ಬರೆದಿಟ್ಟಿದ್ದ 96 ಪುಟಗಳನ್ನು 2004ರಲ್ಲಿ ಕಿತ್ತುಕೊಂಡರು. ಆಟದಿಂದ ಗ್ಯಾಂಗು ಬೆಳೆಯುತ್ತದೆ ಅಂದರು. ಹಾಗೇನೂ ಆಗಿಲ್ಲವೆಂದು ಸಹಕೈದಿಗಳು ಪ್ರಮಾಣ ಮಾಡಿ ಹೇಳಿದರು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಜೈಲಿನ ಮಾತನ್ನೇ ಎತ್ತಿಹಿಡಿಯಿತು. ಕಂಡು ಹೇಳಿದವರ ಮಾತಿಗಿಂತ ಅಧಿಕಾರಿಯ ಅನುಮಾನ ತೂಕವಾಯಿತು.

‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ 2022ರಲ್ಲಿ ಇದನ್ನು ಸರಿಯಾಗಿಯೇ ಹಿಡಿಯಿತು. 1986ರ ಒಂದು ಕಲ್ಪಿತ ಊರು. ಕೊಲೆಯಾಗುತ್ತದೆ. ಊರಿನ ಕಣ್ಣು ಆಟದ ಕೂಟ ನಡೆಸುವ ಎಡ್ಡಿಯ ಮೇಲೆ ಬೀಳುತ್ತದೆ. ಎಡ್ಡಿ ಬಡವ, ಚಿಕ್ಕಪ್ಪನ ಜೊತೆ ಟ್ರೇಲರ್ ಮನೆಯಲ್ಲಿರುವವನು. ಜನರನ್ನು ಅವನ ಮೇಲೆ ಎತ್ತಿಕಟ್ಟುವವನು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕ. ಎಡ್ಡಿ ಆ ಊರಿಗಾಗಿಯೇ ಸಾಯುತ್ತಾನೆ. ಊರಿಗೆ ಅವನು ಕೊಲೆಗಾರನಾಗಿಯೇ ಉಳಿಯುತ್ತಾನೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅಪವಾದ ಹೊತ್ತ ಈ ಆಟದ ಒಳಗೇ ಹುಟ್ಟಿನ ಅಚ್ಚು ಇತ್ತು. ‘ಆರ್ಕ್’ ಎಂಬ ಕಲ್ಪಿತ ಕುಲ: ಕ್ರೂರಿಗಳು, ದಡ್ಡರು. ಯಾಕೆ? ಆ ಕುಲದಲ್ಲಿ ಹುಟ್ಟಿದ್ದಕ್ಕೆ! ಕಂಡಲ್ಲಿ ಕೊಂದರೆ ಪಾಪವಿಲ್ಲ. ಈ ವಾಸನೆ ನಮಗೆ ಹೊಸದಲ್ಲ. ದಶಕಗಳ ಕಾಲ ಆಡಿದವರಲ್ಲಿ ಹೆಚ್ಚಿನವರಿಗೆ ಅದು ತಟ್ಟಲಿಲ್ಲ. ತಟ್ಟಿದವರು ಕೇಳುತ್ತಲೇ ಬಂದರು. ನಿಜವಾದ ಜನಾಂಗಗಳನ್ನು ಹೀನಾಯಿಸಿದ ರೀತಿಯನ್ನೇ ಈ ಚಿತ್ರಣ ನೆನಪಿಸುತ್ತದೆಂದು 2020ರಲ್ಲಿ ಪ್ರಕಾಶಕರೇ ಒಪ್ಪಿಕೊಂಡರು. 2024ರ ನಿಯಮಪುಸ್ತಕದಲ್ಲಿ ‘ರೇಸ್’ ಎಂಬ ಪದವನ್ನೇ ತೆಗೆದರು. ಪದ ಹೋಯಿತು. ಹುಟ್ಟಿನಿಂದ ಗುಣ ಅಳೆಯುವ ಚಾಳಿ ಹೋಯಿತೇ ಎಂಬುದನ್ನು ಮೇಜಿನ ಸುತ್ತ ಕೂತವರೇ ಹೇಳಬೇಕು.

ತನ್ನ ಮೇಲೆ ಬಿದ್ದ ಅಚ್ಚಿನ ನೋವು ತಿಳಿದವನು ಇನ್ನೊಬ್ಬನಿಗೆ ಅಚ್ಚು ಹಾಕುವುದಿಲ್ಲ ಅಂತ ನಾವು ನಂಬುತ್ತೇವೆ. ನೋವು ತಾನಾಗಿಯೇ ಅಷ್ಟು ಕಲಿಸುವುದಿಲ್ಲ. ಕೂತು ಯೋಚಿಸಬೇಕು, ಒಬ್ಬರನ್ನೊಬ್ಬರು ಕೇಳಬೇಕು. ಸದ್ಯಕ್ಕೆ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಕೊನೆಯ ಬೆಂಚಿನ ಹುಡುಗ ಯಾವುದೋ ಕಲ್ಪನೆಯ ಲೋಕದಲ್ಲಿ ಮುಳುಗಿದ್ದರೆ, ಆಟ ಕಿತ್ತುಕೊಳ್ಳುವ ಮೊದಲು ಅವನನ್ನು ಕೂರಿಸಿಕೊಂಡು ಕೇಳಿ: ಏನಪ್ಪಾ, ಮನೆಯಲ್ಲಿ ಹೇಗಿದೆ? ಊಟ ಮಾಡಿದೆಯಾ? ಯಾರಾದರೂ ಏನಾದರೂ ಅಂದರಾ? 1979ರ ಆ ಹುಡುಗನ ವಿಷಯದಲ್ಲಿ ಪತ್ರಿಕೆಗಳು ಕೇಳಬೇಕಾಗಿದ್ದದ್ದೂ ಇದನ್ನೇ.